ಡೀಸೆಲ್ ಅಷ್ಟೇನೂ ಸಾಧು ಅಲ್ಲ

ಪೆಟ್ರೋಲ್ ಡೇಂಜರ್, ಡೀಸೆಲ್ ಸಾಧು. ಇದು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುವ ಜ್ಞಾನ. ಐಸಿ ಎಂಜಿನ್ ಲ್ಯಾಬಿಗೆ ಹೋದಾಗಲೆಲ್ಲ ಯಾರಾದ್ರೂ ಒಬ್ಬ ಹೇಳೇ ಹೇಳ್ತಾನೆ: "ಡೀಸೆಲ್ ಬಕೆಟ್ಟಿಗೆ ಬೆಂಕಿಕಡ್ಡಿ ಎಸೆದ್ರೆ ಕಡ್ಡೀನೇ ಆರಿ ಹೋಗುತ್ತೆ ಮಗಾ." ಹೇಳುವವನು ಎಸೆದು ನೋಡಿರಲ್ಲ. ಕೇಳುವವರೂ ಎಸೆಯಲ್ಲ. ಹಾಗಾಗಿ ಈ ಮಾತು ವರ್ಷದಿಂದ ವರ್ಷಕ್ಕೆ ಸುಖವಾಗಿ ಬದುಕಿಕೊಂಡು ಬಂದಿದೆ.

ಈಗ ನಿಮ್ಮ ಎನರ್ಜಿ ಲ್ಯಾಬ್ ರೆಕಾರ್ಡ್ ತೆಗೀರಿ. ಏಬಲ್ ಉಪಕರಣದಲ್ಲಿ ಫ್ಲ್ಯಾಶ್ ಪಾಯಿಂಟ್ ಕಂಡುಹಿಡಿಯುವ ಪ್ರಯೋಗ ಇರುತ್ತಲ್ಲ, ಬಹಳ ಜನ ಹಿಂದಿನ ಬ್ಯಾಚಿನ ರೀಡಿಂಗ್ ನೋಡಿ ಬರೆಯುವಂಥದ್ದು, ಅದೇ. ನಮ್ಮ ದೇಶದ ಡೀಸೆಲಿಗೆ ಇರುವ ಸ್ಟ್ಯಾಂಡರ್ಡ್ ಐಎಸ್ 1460. ಅದರ ಪ್ರಕಾರ ಡೀಸೆಲಿನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಯುರೋಪಿನ ಸ್ಟ್ಯಾಂಡರ್ಡ್ 55ಕ್ಕಿಂತ ಮೇಲಿರಲಿ ಅನ್ನುತ್ತೆ. ಅಂತರರಾಷ್ಟ್ರೀಯ ಹಡಗುಗಳ ಸುರಕ್ಷತಾ ನಿಯಮ ಇನ್ನೂ ಬಿಗಿ, ಕನಿಷ್ಠ 60. ನಮ್ಮ ಬಂಕುಗಳಲ್ಲಿ ಸಿಗುವ ಡೀಸೆಲ್ 35ಕ್ಕಿಂತ ಮೇಲೇ ಇರಬಹುದು, ಆದರೆ ಸ್ಟ್ಯಾಂಡರ್ಡ್ ಕೊಡುವ ಭರವಸೆ ಅಷ್ಟೇ. ಬೇರೆ ದೇಶದ ಪುಸ್ತಕ ಓದಿ, ವೀಡಿಯೊ ನೋಡಿ ಡೀಸೆಲ್ ಸಾಧು ಅಂದುಕೊಂಡರೆ ಅದು ಅಲ್ಲಿನ ಡೀಸೆಲಿನ ವಿಷಯ, ಅಲ್ಲಿನ ಚಳಿಯ ವಿಷಯ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳು ನೆರಳಿನಲ್ಲೇ 35ರ ಹತ್ತಿರ ಇರುತ್ತೆ. ಅಲ್ಲೊಂದು ಬೋಟು, ಆ ಬೋಟಿನ ಹೊಟ್ಟೆಯಲ್ಲಿ ಬಾಗಿಲು ಮುಚ್ಚಿದ ಎಂಜಿನ್ ರೂಮು, ಅದರೊಳಗೆ ನಾಲ್ಕು ಗಂಟೆ ಓಡಿದ ಎಂಜಿನ್. ಅಲ್ಲಿ ಡೀಸೆಲ್ ಎಷ್ಟು ಸಾಧುವಾಗಿರುತ್ತೆ ಅಂತ ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಗತಿ. ಕಿಡಿ ಇಲ್ಲದೆ, ಬರೀ ಬಿಸಿಗೆ ತಾನಾಗಿ ಹೊತ್ತಿಕೊಳ್ಳುವ ವಿಷಯದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಮುಂದೆ. ಸುಮಾರು 210ರಿಂದ 250 ಡಿಗ್ರಿ ಬಿಸಿ ಸಿಕ್ಕರೆ ಸಾಕು. ಸ್ಪಾರ್ಕ್ ಪ್ಲಗ್ ಇಲ್ಲದೆ ಡೀಸೆಲ್ ಎಂಜಿನ್ ಓಡುವುದೇ ಈ ಗುಣದಿಂದ. ಲೋಡಿನಲ್ಲಿ ಓಡುವ ಎಂಜಿನ್ನಿನ ಎಕ್ಸಾಸ್ಟ್ ಒಳಗಿನ ಗಾಳಿ 400 ಡಿಗ್ರಿ ದಾಟುತ್ತೆ. ಅದರ ಮೇಲೆ ಒಂದು ಸಣ್ಣ ಪೈಪಿನಿಂದ ಡೀಸೆಲ್ ಮಂಜಿನ ಹಾಗೆ ಚಿಮ್ಮಿದರೆ ಬೆಂಕಿಕಡ್ಡಿ ಯಾರೂ ತರಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಕಳೆದ ಜುಲೈನಲ್ಲಿ ನಾನು ಹತ್ತು ದಿನ ಇಂಥದೇ ಒಂದು ಎಂಜಿನ್ ರೂಮಿನಲ್ಲಿ ಕಳೆದೆ.

ನಮ್ಮ ಮನೆ ವಿಜಯನಗರ. ಅಪ್ಪನದ್ದು ಬಸವೇಶ್ವರನಗರದಲ್ಲಿ ಒಂದು ಸಣ್ಣ ದರ್ಶಿನಿ. ಕುಂದಾಪುರದ ಕಡೆಯವರು ಬೆಂಗಳೂರಿಗೆ ಬಂದು ಏನು ಮಾಡ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನ ತವರು ಗಂಗೊಳ್ಳಿ. ಐದು ಹೊಳೆ ಸೇರಿ ಪಂಚಗಂಗಾವಳಿ ಅಂತ ಹೆಸರು ಪಡೆದು ಸಮುದ್ರ ಸೇರುವ ಜಾಗದಲ್ಲಿ ಇರುವ ಊರು, ಮೀನುಗಾರಿಕೆ ಬಂದರು. ನಮ್ಮೂರಿಗೆ ಹೋಗುವ ರೈಲಿಗೂ ಅದೇ ಹೆಸರು, ಪಂಚಗಂಗಾ ಎಕ್ಸ್‌ಪ್ರೆಸ್. ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಅಲ್ಲೊಂದು ಆಳಸಮುದ್ರದ ಟ್ರಾಲ್ ಬೋಟು ಇದೆ. ಲಾರಿಯಲ್ಲಿರುವಂಥದೇ ಆರು ಸಿಲಿಂಡರಿನ ಎಂಜಿನ್, ಸಮುದ್ರಕ್ಕೆ ಹೊಂದಿಸಿದ್ದು. ಹಲ್ಲಿನ ಒಳಗೆ ಕೂತಿರುತ್ತೆ, ಹಿಂದೆ ತೂಗು ಹಾಕಿದ್ದಲ್ಲ. ಹಲ್ಲು ಅಂದ್ರೆ ಬಾಯಿಯ ಹಲ್ಲಲ್ಲ, ಬೋಟಿನ ಒಡಲು. ಇಂಗ್ಲಿಷಿನ ಹೆಸರನ್ನೇ ನಮ್ಮವರು ಹಾಗೆ ಮಾಡಿಕೊಂಡಿದ್ದಾರೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಮಳೆಗಾಳಿಯ ಕಾಲ. ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು ಎಲ್ಲ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಜುಲೈ ಕೊನೆಯ ವಾರ ಬಂತು ಅಂದ್ರೆ ಬಂದರಿನಲ್ಲಿ ನಮ್ಮ ಇಂಟರ್ನಲ್ಸ್ ಹಿಂದಿನ ರಾತ್ರಿಯದೇ ವಾತಾವರಣ. ವ್ಯತ್ಯಾಸ ಇಷ್ಟೇ, ಅವರಿಗೆ ಬ್ಯಾಕ್‌ಲಾಗ್ ಕಟ್ಟಿ ಪಾಸಾಗುವ ಅವಕಾಶ ಇಲ್ಲ. ಮೊದಲ ವಾರದ ಮೀನಿಗೆ ಒಳ್ಳೆ ರೇಟು. ಸೊಸೈಟಿಯ ಸಾಲದ ಕಂತು ಆಗಸ್ಟಿನಿಂದ ಮತ್ತೆ ಶುರು. ಹೊನ್ನಾವರ, ಅಂಕೋಲ ಕಡೆಯ ಹುಡುಗರಿಗೆ ಮುಂಗಡ ಕೊಟ್ಟಾಗಿರುತ್ತೆ.

ಅಂಥ ಹೊತ್ತಿನಲ್ಲಿ ಮಾವನ ಬೋಟಿನ ಎಂಜಿನ್ ಒಂದು ಆಟ ಶುರು ಮಾಡಿತು. ಸ್ಟಾರ್ಟ್ ಆಗುತ್ತೆ, ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಉಸಿರು ಸಿಕ್ಕಿಹಾಕಿಕೊಂಡ ಹಾಗೆ ತಡವರಿಸಿ ನಿಲ್ಲುತ್ತೆ. ಹ್ಯಾಂಡ್ ಪಂಪ್ ಹೊಡೆದರೆ ಮತ್ತೆ ಸ್ಟಾರ್ಟ್. ಮತ್ತೆ ಹದಿನೈದು ನಿಮಿಷ.

ನಾನು ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ಮಾವ ನನ್ನನ್ನು ನೋಡಿದ್ದೇ, "ಮಾಣಿ, ಇಂಜಿನಿಯರಿಂಗ್ ಓದ್ತೆ ಅಲ್ದಾ? ಇದ್ ಎಂತಕ್ಕೆ ನಿಂತದ್ದ್ ಹೇಳ್ ಕಾಂಬ" ಅಂದರು. ಮಾತಿನಲ್ಲಿ ತಮಾಷೆ ಇತ್ತು, ಮುಖದಲ್ಲಿ ಇರಲಿಲ್ಲ. ಪುಣ್ಯಕ್ಕೆ ಎರಡನೇ ವರ್ಷದ ರಜೆಯಲ್ಲಿ ನಾನು ನಾಲ್ಕು ವಾರ ಕಾಮಾಕ್ಷಿಪಾಳ್ಯದ ಒಂದು ಡೀಸೆಲ್ ಪಂಪ್ ಅಂಗಡಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಲಾರಿ, ಜನರೇಟರ್‌ಗಳ ಇಂಜೆಕ್ಷನ್ ಪಂಪ್, ನಾಜಲ್ ತಂದು ಕ್ಯಾಲಿಬ್ರೇಷನ್ ಮಾಡಿಸಿಕೊಂಡು ಹೋಗುವ ಜಾಗ. ಹಾಗಾಗಿ ಡೀಸೆಲಿನ ದಾರಿ ಯಾವುದು ಅಂತ ಗೊತ್ತಿತ್ತು.

ಆ ದಾರಿಯನ್ನು ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ. ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ನೀರು ಬೇರೆ ಮಾಡುವ ಫಿಲ್ಟರಿಗೆ ಬರುತ್ತೆ. ಅಲ್ಲಿಂದ ಅದನ್ನು ಎಳೆಯುವುದು ಫೀಡ್ ಪಂಪ್. ಪಂಪ್ ಅದನ್ನು ಸಣ್ಣ ಜಾಲರಿಯ ಫಿಲ್ಟರಿಗೆ ತಳ್ಳುತ್ತೆ, ಅಲ್ಲಿಂದ ಇಂಜೆಕ್ಷನ್ ಪಂಪ್. ಆಮೇಲೆ ಸಿಲಿಂಡರಿಗೊಂದರಂತೆ ಆರು ಸಣ್ಣ ಉಕ್ಕಿನ ಪೈಪು, ಆರು ಇಂಜೆಕ್ಟರು. ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಈ ಇಂಜೆಕ್ಷನ್ ಪಂಪಿಗೆ ಒಂದು ಬೆಂಗಳೂರಿನ ನಂಟೂ ಇದೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿಗೆ ಇಂಧನ ಊದುತ್ತಿದ್ದುದು ಒತ್ತಿದ ಗಾಳಿಯಿಂದ. ದೊಡ್ಡ ಕಂಪ್ರೆಸರ್ ಬೇಕಿತ್ತು, ಲಾರಿಗೋ ಸಣ್ಣ ಬೋಟಿಗೋ ಅದು ಹೊಂದುತ್ತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ ಮೇಲೆ ಡೀಸೆಲ್ ಎಂಜಿನ್ ಚಿಕ್ಕದಾಯಿತು. 1951ರಲ್ಲಿ ಅದೇ ಬಾಷ್ ನಂಟಿನಿಂದ ಬೆಂಗಳೂರಿನಲ್ಲಿ ಮೈಕೋ ಹುಟ್ಟಿತು. ಈಗ ಅದರ ಕಾರ್ಖಾನೆ ಬಿಡದಿಯಲ್ಲಿದೆ, ನಮ್ಮ ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಹೋದರೆ ಸಿಗುತ್ತೆ. ಕೇರಳದ ಕೊಲ್ಲಂ ಹತ್ತಿರ ನಾರ್ವೆಯವರ ಸಹಾಯದಿಂದ ದೋಣಿಗೆ ಎಂಜಿನ್ ಕೂರಿಸುವ ಯೋಜನೆ ಶುರುವಾಗಿದ್ದೂ ಅದೇ 1950ರ ದಶಕದಲ್ಲಿ. ಊರಿನ ಹಳೇ ಎಂಜಿನ್ ಡ್ರೈವರ್‌ಗಳು ಇವತ್ತಿಗೂ ಯಾವ ಕಂಪನಿಯ ಪಂಪಿಗೂ 'ಮೈಕೋ ಪಂಪು' ಅಂತಲೇ ಅನ್ನೋದು.

ಸರಿ, ಎಂಜಿನ್ ನಿಲ್ಲುವುದಕ್ಕೆ ಕಾರಣ? ಭಾವ, ಮಾವನ ಮಗ, ಆಗಲೇ ತೀರ್ಮಾನ ಮಾಡಿದ್ದ: ಟ್ಯಾಂಕಿನಲ್ಲಿ ಕಸ. ಅವನ ಪರಿಹಾರ ಸುಲಭ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎಂಜಿನ್ನಿನ ಮೇಲೆ ತೊಲೆಗೆ ಕಟ್ಟಿ, ಅದರಿಂದ ನೇರ ಪೈಪು ಕೊಡೋದು. ಟ್ಯಾಂಕ್ ಆಮೇಲೆ ಸ್ವಚ್ಛ ಮಾಡೋಣ, ಮೊದಲ ಟ್ರಿಪ್ ಮುಗಿಸಿ ಬರೋಣ.

ಇಲ್ಲಿ ಮಾವ ಕರೆಸಿದ್ದು ಮೇಸ್ತ್ರಿಯವರನ್ನು. ಎಪ್ಪತ್ತರ ಹತ್ತಿರದ ವಯಸ್ಸು, ಗಂಗೊಳ್ಳಿ, ಮಲ್ಪೆ ಎರಡೂ ಕಡೆ ಎಂಜಿನ್ ಕೆಲಸ ಮಾಡಿದವರು. ಬಂದು ಎಂಜಿನ್ ಮುಟ್ಟಲಿಲ್ಲ. ಮೇಲೆ ಡೆಕ್ಕಿನಲ್ಲಿ ಕೂತು ಬೀಡಿ ತೆಗೆದರು, ನೋಡಿದರು, ವಾಪಸ್ ಜೇಬಿಗೆ ಹಾಕಿಕೊಂಡರು. "ಅವಸರ ಮಾಡುಕಾಗ. ಬಿಸಿ ಆರ್ಲಿ" ಅಂದರು. ಎಂಜಿನ್ ರೂಮಿನ ಎರಡೂ ಕಡೆ ಬಾಗಿಲು ತೆಗೆಸಿದರು. ಒಂದು ಗಂಟೆ ಹಾಗೇ ಕೂತೆವು. ಭಾವನಿಗೆ ತಡೆಯಲಾಗುತ್ತಿರಲಿಲ್ಲ.

ಕ್ಯಾನಿನ ವಿಷಯ ಕೇಳಿ ಮೇಸ್ತ್ರಿ ಬೈಯಲಿಲ್ಲ. ಪರೀಕ್ಷೆಗೆ ಕ್ಯಾನ್ ಇಡಬಹುದು, ದೋಷ ಟ್ಯಾಂಕಿನ ಕಡೆಯೋ ಪಂಪಿನ ಕಡೆಯೋ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಆದರೆ ಕೆಳಗಿಟ್ಟು, ಕಟ್ಟಿ, ಪಕ್ಕದಲ್ಲೊಬ್ಬ ನಿಂತು. ಕ್ಯಾನನ್ನು ಮೇಲೆ ಕಟ್ಟಿ ಸಮುದ್ರಕ್ಕೆ ಹೋಗುವುದು ಬೇರೆ ಮಾತು. ಮೇಲಿದ್ದ ಡೀಸೆಲಿಗೆ ಪಂಪಿನ ಹಂಗಿಲ್ಲ. ಪೈಪು ಜಾರಿದರೆ ಎಂಜಿನ್ ನಿಂತರೂ ಅದು ಸುರಿಯುತ್ತಲೇ ಇರುತ್ತೆ, ಇಪ್ಪತ್ತು ಲೀಟರೂ ಬಿಸಿ ಎಕ್ಸಾಸ್ಟಿನ ಮೇಲೆ. ಅಲೆಗೆ ಬೋಟು ಹೊಯ್ದಾಡುವಾಗ ಕ್ಯಾನ್ ಎಷ್ಟು ಹೊತ್ತು ಕಟ್ಟಿದ ಜಾಗದಲ್ಲಿರುತ್ತೆ?

ಆಮೇಲೆ ಅವರು ಕೈ ಎತ್ತಿ ಸುತ್ತ ತೋರಿಸಿದರು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿರುತ್ತವೆ. ಒಂದರ ಮೇಲಿಂದ ಇನ್ನೊಂದಕ್ಕೆ ಕಾಲಿಟ್ಟು ಹತ್ತು ಬೋಟು ದಾಟಬಹುದು. ನಾವು ಕಾಲಿಟ್ಟು ದಾಟುವ ಹಾಗೇ ಬೆಂಕಿಯೂ ದಾಟುತ್ತೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಇದೇ ಗಂಗೊಳ್ಳಿಯಲ್ಲಿ ನಿಲ್ಲಿಸಿಟ್ಟಿದ್ದ ಹಲವು ಬೋಟುಗಳು ಬೆಂಕಿಗೆ ಹೋದವು. ಅದನ್ನು ನೋಡಿದವರಿಗೆ ಯಾರೂ ಭಾಷಣ ಮಾಡಬೇಕಾಗಿಲ್ಲ. ಭಾವ ಕ್ಯಾನ್ ತೆಗೆದುಕೊಂಡು ಹೋಗಿ ಮೇಲಿಟ್ಟ.

ಬಿಸಿ ಆರಿದ ಮೇಲೆ ಕೆಲಸ ಶುರುವಾಯಿತು. ಮೇಸ್ತ್ರಿ ಹೇಳಿದ ಮೊದಲ ಮಾತು ಬ್ಯಾಟರಿ. ನೆಗೆಟಿವ್ ವೈರನ್ನು ಮೊದಲು ಬಿಚ್ಚಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಎಂಜಿನ್ನಿಗೆ ತಗುಲಿದರೆ ಕಿಡಿ, ನೆಗೆಟಿವ್ ತೆಗೆದಾಗಿದ್ದರೆ ತಗುಲಿದರೂ ಏನಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಮೊಸಳೆ ಕ್ಲಿಪ್ ಹಾಕಿ ಬ್ಯಾಟರಿಯಿಂದ ಬಲ್ಬ್ ಹೊತ್ತಿಸಿಕೊಳ್ಳುವುದು ನೋಡಿದ್ದೀರಲ್ಲ, ಅದನ್ನು ಅವರು ಎಂಜಿನ್ ರೂಮಿಗೆ ಬಿಡಲೇ ಇಲ್ಲ. ಕ್ಲಿಪ್ ಕಚ್ಚಿಸುವಾಗಲೂ ಕಿಡಿ, ಬಲ್ಬ್ ಒಡೆದರೂ ಕಿಡಿ. ಎಲ್‌ಇಡಿ ಟಾರ್ಚ್ ಸಾಕು. ಬೋಟಿನಲ್ಲಿ ಅಡುಗೆಯ ಗ್ಯಾಸ್ ಸಿಲಿಂಡರ್ ಇತ್ತು, ಅದನ್ನು ದಡಕ್ಕೆ ಸಾಗಿಸಿದರು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳಕ್ಕೆ ಹೋಗಿ ಕೂರುತ್ತೆ. ಮನೆಯಲ್ಲಾದರೆ ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಹೋದೀತು, ಬೋಟಿನ ತಳಕ್ಕೆ ಬಾಗಿಲಿಲ್ಲ.

ಬೆಂಕಿ ಆರಿಸುವ ಡಬ್ಬಿ ಎಂಜಿನ್ ರೂಮಿನ ಒಳಗೋಡೆಗೆ ನೇತಾಡುತ್ತಿತ್ತು. ಅದನ್ನು ಬಿಚ್ಚಿ ತಂದು ಬಾಗಿಲ ಹೊರಗೆ ಇಡಿಸಿದರು. ಒಳಗೆ ಬೆಂಕಿ ಹತ್ತಿದಾಗ ಬೆಂಕಿ ದಾಟಿಕೊಂಡು ಹೋಗಿ ಡಬ್ಬಿ ತರುವವರು ಯಾರು? ಎಷ್ಟು ಸಣ್ಣ ಮಾತು ನೋಡಿ. ಯಾವ ಸಿಲಬಸ್ಸಿನಲ್ಲೂ ನಾನು ಇದನ್ನು ಓದಿಲ್ಲ.

ಕೊನೆಗೆ ಟ್ಯಾಂಕಿನ ವಾಲ್ವ್ ಮುಚ್ಚಿದರು. ಇದು ಮುಖ್ಯ. ಟ್ಯಾಂಕಿನ ಮಟ್ಟ ಎಂಜಿನ್ನಿಗಿಂತ ಮೇಲಿದ್ದರೆ, ಪೈಪು ಬಿಚ್ಚಿದ ಕ್ಷಣ ಸೈಫನ್ ಆಗಿ ಡೀಸೆಲ್ ಬರುತ್ತಲೇ ಇರುತ್ತೆ. ಆಳಸಮುದ್ರದ ಬೋಟಿನ ಟ್ಯಾಂಕಿಗೆ ಕೆಲವು ಸಾವಿರ ಲೀಟರ್ ಹಿಡಿಯುತ್ತೆ.

ಈಗ ದೋಷ ಹುಡುಕುವ ಸರದಿ. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ, ಅದೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದವರು ಒಂದು ನಿಮಿಷ ನಿಂತು ಯೋಚಿಸಿ. ಪಂಪಿನಿಂದ ಮುಂದಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚು, ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ. ಪಂಪಿನ ಹಿಂದಿನ ಪೈಪಿನಲ್ಲಿ ಪಂಪ್ ಎಳೆಯುತ್ತಿರುತ್ತೆ, ಅಲ್ಲಿ ತೂತಾದರೆ ಗಾಳಿ ಒಳಗೆ ಹೋಗುತ್ತೆ. ಹೊರಗೆ ಏನೂ ಕಾಣಲ್ಲ. ಗಾಳಿಗುಳ್ಳೆಗಳು ಫಿಲ್ಟರಿನ ತಲೆಯಲ್ಲಿ ಸೇರುತ್ತಾ ಸೇರುತ್ತಾ ಹದಿನೈದು ನಿಮಿಷಕ್ಕೆ ಪಂಪಿನ ಗಂಟಲು ಹಿಡಿಯುತ್ತವೆ. ಡೀಸೆಲನ್ನು ಒತ್ತಿದರೆ ನಾಜಲಿನಿಂದ ಚಿಮ್ಮುತ್ತೆ, ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ. ಎಂಜಿನ್ ನಿಲ್ಲುತ್ತೆ.

ನಾನು ಒಂದು ಸಲಹೆ ಕೊಟ್ಟೆ: ಮೊದಲ ಫಿಲ್ಟರಿನ ಮುಂದೆ ಒಂದು ಅಡಿ ಪಾರದರ್ಶಕ ಪೈಪು ಹಾಕಿ ಗುಳ್ಳೆ ನೋಡೋಣ ಅಂತ. ಕಾಮಾಕ್ಷಿಪಾಳ್ಯದಲ್ಲಿ ಜನರೇಟರ್‌ಗಳಿಗೆ ಹೀಗೇ ಮಾಡುತ್ತಿದ್ದರು. ಮೇಸ್ತ್ರಿ ಒಪ್ಪಿದರು, ಆದರೆ ಎಣಿಸಿ ಹತ್ತು ನಿಮಿಷಕ್ಕೆ, ಆಮೇಲೆ ಆ ಪೈಪು ಬೋಟಿನಲ್ಲೇ ಇರಬಾರದು; ಇದ್ದರೆ ಯಾರೋ ಒಬ್ಬರು ಖಾಯಂ ಹಾಕಿಬಿಡ್ತಾರೆ. ಗುಳ್ಳೆ ಬಂದವು. ಸಾಲಾಗಿ, ಮುತ್ತಿನ ಹಾಗೆ. ಒಂದೊಂದೇ ಜೋಡಣೆ ಹಿಡಿದು ಹಿಂದಕ್ಕೆ ಹೋದೆವು. ಟ್ಯಾಂಕಿನ ಹತ್ತಿರ, ಮರದ ಅಡ್ಡಗೋಡೆಯ ತೂತಿನಲ್ಲಿ ಹಾದು ಹೋಗುವ ರಬ್ಬರ್ ಹೋಸ್ ಸಿಕ್ಕಿತು. ಕ್ಲ್ಯಾಂಪ್ ಬಿಗಿಯಾಗಿಯೇ ಇತ್ತು. ಕ್ಲ್ಯಾಂಪಿನ ಅಡಿಯಲ್ಲೇ, ತಿಕ್ಕಾಟಕ್ಕೆ ಸವೆದು, ರಬ್ಬರ್ ಉಗುರಿನ ಗೆರೆಯಷ್ಟು ಸೀಳಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೋಸ್ ಬದಲಿಸಿದರೆ ಎಂಜಿನ್ ಓಡುತ್ತೆ. ಆದರೆ ಮೇಸ್ತ್ರಿ ಟಾರ್ಚ್ ಹಿಡಿದು ಪೂರ್ತಿ ದಾರಿ ನೋಡಿದರು, ಆಗ ನಿಜವಾದ ಗಂಡಾಂತರ ಕಂಡಿತು. ರಿಟರ್ನ್ ಪೈಪಿನ ಒಂದು ಬೋಲ್ಟಿನಡಿ ತಾಮ್ರದ ವಾಷರ್ ಸವೆದು ಡೀಸೆಲ್ ಬೆವರಿನ ಹಾಗೆ ಒಸರುತ್ತಿತ್ತು. ಹನಿಯಾಗಿ ಬೀಳುವಷ್ಟಿಲ್ಲ. ಬರೀ ಒದ್ದೆ, ಮೇಲೆ ಧೂಳು ಕೂತು ಕಪ್ಪು ಮೇಣವಾಗಿತ್ತು. ಅದರ ಕೆಳಗೆ ಎರಡು ಗೇಣು ದೂರದಲ್ಲಿ ಎಕ್ಸಾಸ್ಟ್, ಅದಕ್ಕೆ ಸುತ್ತಿದ್ದ ಹೊದಿಕೆ ಒಂದು ಕಡೆ ಬಿಚ್ಚಿ ಹೋಗಿತ್ತು. ಎಂಜಿನ್ ನಿಲ್ಲಲು ಇದಕ್ಕೂ ಸಂಬಂಧವೇ ಇರಲಿಲ್ಲ. ಎಂಜಿನ್ ನಿಂತದ್ದರಿಂದ ಇದು ಕಣ್ಣಿಗೆ ಬಿತ್ತು ಅಷ್ಟೇ. ಮಾವ ಅದನ್ನು ನೋಡಿ ಏನೂ ಮಾತಾಡದೆ ಡೆಕ್ಕಿಗೆ ಹತ್ತಿದರು. ಬೋಟಿನಲ್ಲಿ ಹೋಗುವುದು ಭಾವ, ತಾಂಡೇಲ, ಎಂಜಿನ್ ಡ್ರೈವರ್ ಮತ್ತು ಆರು ಹುಡುಗರು. ದಡದಿಂದ ಎಷ್ಟೋ ಮೈಲಿ ದೂರ, ರಾತ್ರಿ, ಎಲ್ಲರೂ ಮಲಗಿರುವಾಗ ಆ ಬೋಲ್ಟು ಸಡಿಲವಾದರೆ ಅಂತ ನನಗೆ ಅಲ್ಲೇ ನಿಂತು ಯೋಚನೆ ಬಂತು. ಮುಂದಕ್ಕೆ ಯೋಚಿಸಲು ಆಗಲಿಲ್ಲ.

ಹೊಸ ಹೋಸ್ ತರಲು ಕುಂದಾಪುರಕ್ಕೆ ಹೋದವನು ನಾನೇ. ಅಂಗಡಿಯಲ್ಲಿ ನೋಡಲು ಒಂದೇ ಥರದ ಎರಡು ಕಪ್ಪು ಹೋಸ್ ಇದ್ದವು, ಒಂದು ನೀರಿನದು, ಒಂದು ಇಂಧನದ್ದು. ನೀರಿನ ಹೋಸಿನ ರಬ್ಬರ್ ಡೀಸೆಲ್ ಕುಡಿದು ಉಬ್ಬುತ್ತೆ, ಮೆತ್ತಗಾಗುತ್ತೆ, ಕೆಲವು ತಿಂಗಳಲ್ಲಿ ಕ್ಲ್ಯಾಂಪಿನಿಂದ ಜಾರುತ್ತೆ. ಬೆಲೆಯ ವ್ಯತ್ಯಾಸ ಒಂದು ಹೊತ್ತಿನ ಮೀನೂಟದಷ್ಟು. ತಾಮ್ರದ ವಾಷರ್ ಅಂತೂ ಚಿಲ್ಲರೆ ಕಾಸು. ಒಮ್ಮೆ ಬಿಗಿದು ಚಪ್ಪಟೆಯಾದ ವಾಷರ್ ಗಟ್ಟಿಯಾಗಿರುತ್ತೆ, ಮತ್ತೆ ಅದೇ ಜಾಗದಲ್ಲಿ ಸರಿಯಾಗಿ ಕೂರಲ್ಲ. ಮೆಟೀರಿಯಲ್ ಸೈನ್ಸಿನಲ್ಲಿ ವರ್ಕ್ ಹಾರ್ಡನಿಂಗ್ ಅಂತ ಹತ್ತು ಮಾರ್ಕಿಗೆ ಬರೆದದ್ದು ಇದೇ. ಬಿಚ್ಚಿದ ವಾಷರನ್ನು ಮತ್ತೆ ಹಾಕುವ ಬದಲು ಹೊಸದನ್ನೇ ಹಾಕಿದೆವು. ಹೋಸಿಗೆ ಎರಡೆರಡು ಕ್ಲ್ಯಾಂಪ್, ಮರದ ತೂತಿಗೆ ತಿಕ್ಕದ ಹಾಗೆ ರಬ್ಬರ್ ಬಳೆ, ಎಕ್ಸಾಸ್ಟಿಗೆ ಹೊಸ ಹೊದಿಕೆ.

ಟ್ಯಾಂಕಿನ ತಳದಿಂದ ಎರಡು ಲೋಟ ನೀರೂ ಬಂತು. ಎರಡು ತಿಂಗಳು ಅರ್ಧ ಖಾಲಿ ಟ್ಯಾಂಕ್ ಮಳೆಗಾಲದಲ್ಲಿ ನಿಂತರೆ ಒಳಗಿನ ಗಾಳಿಯ ತೇವ ಬೆವರಿ ಕೆಳಗಿಳಿಯುತ್ತೆ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಲೋಳೆಯಂಥ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ. ಭಾವ ಹೇಳಿದ ಕಸವೂ ಸುಳ್ಳಲ್ಲ ಅಂತ ಅವನಿಗೆ ಅರ್ಧ ಗೆಲುವು ಕೊಟ್ಟೆವು.

ಉಳಿದದ್ದು ಗಾಳಿ ತೆಗೆಯುವುದು. ಫಿಲ್ಟರಿನ ತಲೆಯ ಸ್ಕ್ರೂ ಸಡಿಲ ಮಾಡಿ, ಕೆಳಗೆ ಡಬ್ಬಿ ಹಿಡಿದು, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪ್ ಹೊಡೆಯಬೇಕು. ಆಮೇಲೆ ಪಂಪಿನ ಸ್ಕ್ರೂ. ಹಳೇ ಥರದ ಪಂಪ್ ಆದ್ದರಿಂದ ಕೊನೆಗೆ ಇಂಜೆಕ್ಟರಿನ ಹತ್ತಿರ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ, ಮೇಲೊಂದು ಬಟ್ಟೆ ಮುಚ್ಚಿ, ಬ್ಯಾಟರಿ ಜೋಡಿಸಿ ಸ್ಟಾರ್ಟರ್ ತಿರುಗಿಸಿದರು. ಇವತ್ತಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬೇಡಿ. ಅಲ್ಲಿ ಒತ್ತಡ 1600 ಬಾರ್, 2000 ಬಾರ್ ತನಕ ಹೋಗುತ್ತೆ, ಓಡುವಾಗ ನಟ್ಟು ಮುಟ್ಟಬಾರದು, ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ಕಾಯಬೇಕು.

ನಾನು ಇಂಜೆಕ್ಟರ್ ಕಡೆ ಕೈ ಚಾಚುವ ಮೊದಲೇ ಮೇಸ್ತ್ರಿ, "ಅಲ್ಲಿ ಕೈ ಇಡುಕಾಗ ಮಾಣಿ" ಅಂದರು. ನಾನು ರಟ್ಟಿನ ತುಂಡು ತೋರಿಸಿದೆ. ಅವರು ನಕ್ಕರು. ಆ ಪಾಠ ನನಗೆ ಕಾಮಾಕ್ಷಿಪಾಳ್ಯದಲ್ಲೇ ಆಗಿತ್ತು. ಅಲ್ಲಿ ನನಗೆ ಕೆಲಸ ಕಲಿಸಿದ ಅಣ್ಣನ ಎಡಗೈ ತೋರುಬೆರಳು ಅರ್ಧ ಇಲ್ಲ. ವರ್ಷಗಳ ಹಿಂದೆ, ಬೇರೆಲ್ಲೋ ಕೆಲಸ ಮಾಡುವಾಗ, ನಾಜಲ್ ಟೆಸ್ಟರಿನ ಮುಂದೆ ಬೆರಳು ಅಡ್ಡ ಬಂತು. ನಾಜಲ್ ತೆರೆಯುವ ಒತ್ತಡ ಸುಮಾರು 200 ಬಾರ್. ನಿಮ್ಮ ಬೈಕಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಯಿತು. ಹೊರಗೆ ಕಂಡಿದ್ದು ಇರುವೆ ಕಚ್ಚಿದಷ್ಟು ಚುಕ್ಕೆ, ನೋವೂ ಕಡಿಮೆ. ಪಕ್ಕದ ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ತೆಗೆದುಕೊಂಡು ವಾಪಸ್ ಬಂದು ಕೆಲಸ ಮಾಡಿದರಂತೆ. ಮರುದಿನಕ್ಕೆ ಬೆರಳು ಕಪ್ಪಾಗಿತ್ತು. ಡೀಸೆಲ್ ಒಳಗೆ ಹೊಕ್ಕರೆ ಅದು ಆಪರೇಷನ್ ಮಾಡಬೇಕಾದ ಗಾಯ, ಗಂಟೆಗಳ ಲೆಕ್ಕ. ಆಸ್ಪತ್ರೆಗೆ ಹೋಗಿ "ಹೈ ಪ್ರೆಶರ್‌ನಲ್ಲಿ ಡೀಸೆಲ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು, ಯಾಕಂದ್ರೆ ಚುಕ್ಕೆ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಸೋರಿಕೆ ಹುಡುಕುವುದಕ್ಕೆ ರಟ್ಟು ಹಿಡಿಯಿರಿ. ರಟ್ಟಿಗೆ ತೂತಾದರೆ ಬೇರೆ ರಟ್ಟು ಸಿಗುತ್ತೆ.

ಎಂಜಿನ್ ಹಿಡಿಯಿತು. ಹದಿನೈದು ನಿಮಿಷ, ಅರ್ಧ ಗಂಟೆ, ಎರಡು ಗಂಟೆ. ಅಷ್ಟು ಹೊತ್ತೂ ಮೇಸ್ತ್ರಿ ಒಳಗೇ ಕೂತು ಪ್ರತಿ ಜೋಡಣೆಗೂ ಒಣ ಬಿಳಿ ಕಾಗದ ಒತ್ತಿ ನೋಡಿದರು, ಒದ್ದೆಯಾದರೆ ಕಾಗದ ಹೇಳುತ್ತೆ. ಡೀಸೆಲ್ ಒರೆಸಿದ ಬಟ್ಟೆಗಳನ್ನೆಲ್ಲ ಒಂದು ಮುಚ್ಚಳದ ಡಬ್ಬಿಗೆ ಹಾಕಿಸಿ ದಡಕ್ಕೆ ಕಳಿಸಿದರು. ತಳದಲ್ಲಿ ಚೆಲ್ಲಿದ್ದನ್ನು ಹೊಳೆಗೆ ಪಂಪ್ ಮಾಡಲು ಬಿಡದೆ ಬಕೆಟ್ಟಿನಲ್ಲಿ ಎತ್ತಿಸಿದರು. ಬೋಟು ಮೂರು ದಿನ ತಡವಾಗಿ ಹೊರಟಿತು. ಮೊದಲ ದಿನಗಳ ರೇಟು ಸಿಗಲಿಲ್ಲ, ಮಾವನಿಗೆ ಅದರ ಬೇಸರ ಇತ್ತು. ಹನ್ನೊಂದು ದಿನಕ್ಕೆ ವಾಪಸ್ ಬಂತು, ಒಂಬತ್ತು ಜನರೂ ಬಂದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವ ಅಗತ್ಯ ಯಾರಿಗೂ ಕಾಣಲಿಲ್ಲ.

ಇನ್ನು ಪೆಟ್ರೋಲಿನ ಮಾತು. ನಮ್ಮ ಕರಾವಳಿಯ ದೊಡ್ಡ ಬೋಟುಗಳಲ್ಲಿ ಒಳಗೆ ಕೂರುವ ಎಂಜಿನ್ ಡೀಸೆಲಿನದೇ. ಬೇರೆ ದೇಶಗಳಲ್ಲಿ ಸಣ್ಣ ಮೋಜಿನ ಬೋಟುಗಳಿಗೆ ಪೆಟ್ರೋಲ್ ಎಂಜಿನ್ ಒಳಗೇ ಇರುತ್ತೆ. ಅಲ್ಲಿ ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ ಓಡಿಸಿ ಆವಿ ಹೊರಹಾಕಬೇಕು ಅನ್ನುವ ನಿಯಮ ಇದೆ. ಕಾರಣ ಒಂದು ಲೆಕ್ಕದಲ್ಲಿ ಗೊತ್ತಾಗುತ್ತೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4% ಇದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತೆ. ಐದು ಘನ ಮೀಟರಿನ ಜಾಗ ಅಂದರೆ 5000 ಲೀಟರ್, ಅದರ 1.4% ಅಂದರೆ 70 ಲೀಟರ್ ಆವಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಹತ್ತಿರ ಹತ್ತಿರ 180 ಲೀಟರ್ ಆವಿ. ಅಂದ್ರೆ ಅರ್ಧ ಲೀಟರಿಗೂ ಕಡಿಮೆ ಪೆಟ್ರೋಲ್ ಸಾಕು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಸಮವಾಗಿ ಹರಡದೆ ನೆಲದ ಹತ್ತಿರವೇ ಸೇರುತ್ತೆ. ಹಾಗಾಗಿ ಕಾಲ ಬುಡದಲ್ಲಿ ಹೊತ್ತಿಕೊಳ್ಳಲು ಅದಕ್ಕಿಂತಲೂ ಕಡಿಮೆ ಸಾಕು. ಮೂಗನ್ನೂ ನಂಬಬೇಡಿ, ಹತ್ತು ನಿಮಿಷ ಅಲ್ಲೇ ಇದ್ದರೆ ಮೂಗಿಗೆ ವಾಸನೆ ಅಭ್ಯಾಸವಾಗಿಬಿಡುತ್ತೆ.

ಬೋಟು ನಮ್ಮ ಕ್ಯಾಂಪಸ್ಸಿನಲ್ಲಿಲ್ಲ, ಗೊತ್ತು. ಆದರೆ ಹಾಸ್ಟೆಲಿನ ಬೇಸ್‌ಮೆಂಟ್ ಪಾರ್ಕಿಂಗ್ ಇದೆ. ಭಾನುವಾರ ಅಲ್ಲಿ ಬಾಟಲಿ ಕತ್ತರಿಸಿ ಅರ್ಧ ಲೀಟರ್ ಪೆಟ್ರೋಲ್ ಸುರಿದು ಕಾರ್ಬೊರೇಟರ್ ತೊಳೆಯುವವರಿದ್ದಾರೆ, ಪಕ್ಕದಲ್ಲಿ ಸ್ಪೀಕರ್ ಚಾರ್ಜಿಗೆ ಇಟ್ಟಿರುತ್ತಾರೆ. ಅದೂ ತಗ್ಗು, ಮುಚ್ಚಿದ ಜಾಗ. ಬೋಟಿನ ತಳಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಗಾಡಿಯನ್ನು ಮೇಲೆ ಬಯಲಿಗೆ ತಳ್ಳಿಕೊಂಡು ಬನ್ನಿ. ತಣ್ಣಗಾಗಲು ಬಿಡಿ. ನೆಗೆಟಿವ್ ಬಿಚ್ಚಿ, ಟ್ಯಾಂಕಿನ ಕಾಕ್ ಮುಚ್ಚಿ, ಪೆಟ್ರೋಲಿಗೆ ಮುಚ್ಚಳ ಇರುವ ಲೋಹದ ಡಬ್ಬಿ ಬಳಸಿ. ಬಾಜಾ ಟೀಮಿನವರೇ, ರಾತ್ರಿ ಎರಡು ಗಂಟೆಗೆ ಇಂಧನದ ಪೈಪು ಬಿಚ್ಚುವವರು ನೀವು, ಡೆಡ್‌ಲೈನಿನ ಒತ್ತಡ ನಿಮಗೂ ಇದೆ, ನೀವು ಎರಡು ಸಲ ಓದಿ.

ಇನ್ನೊಂದು ಕೆಲಸ. ನಾಳೆ ವರ್ಕ್‌ಶಾಪಿಗೆ ಹೋದಾಗ ಬೆಂಕಿ ಆರಿಸುವ ಡಬ್ಬಿ ಎಲ್ಲಿದೆ ಅಂತ ಒಮ್ಮೆ ಕಣ್ಣಾಡಿಸಿ. ಬಾಗಿಲ ಹತ್ತಿರ ಇದ್ದರೆ ಸರಿ. ಎಂಜಿನ್ ಟೆಸ್ಟ್ ರಿಗ್ಗಿನ ಹಿಂದೆ ಇದ್ದರೆ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್‌ಗೆ ಹೇಳಿ, ಈಚೆಗೆ ಇಡಿಸಿ.